ಸ್ವಾಂಪ್ ಪಿಂಕ್: ಜೌಗಿನ ಹೂವಿನ ಬಗ್ಗೆ ನೀವು ಕೇಳಿದ್ದು

ಹೋದ ಸಂಚಿಕೆಯಲ್ಲಿ ನ್ಯೂಜೆರ್ಸಿಯ ಜೌಗು ಕಾಡುಗಳಲ್ಲಿ ಗಿಡ ಎಣಿಸುವ ನನ್ನ ಕೆಲಸದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮುಕ್ಕಾಲು ಪಾಲು ಪತ್ರಗಳು ಒಂದೇ ಹೂವಿನ ಬಗ್ಗೆ ಇವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದಾಗಿ ಮಾಡಿದ್ದೇನೆ.

ಪ್ರಶ್ನೆ: ಮೇಡಂ, ಏಪ್ರಿಲ್ ಕೊನೆಯಲ್ಲಿ ದಕ್ಷಿಣ ನ್ಯೂಜೆರ್ಸಿಯ ಮಗಳ ಮನೆಯಲ್ಲಿದ್ದೆ. ಹತ್ತಿರದ ಕಾಡಿನಲ್ಲಿ ನಡೆಯುವಾಗ ಕೆಸರಿನ ನಡುವೆ ಉದ್ದ ದಂಟಿನ ತುದಿಯಲ್ಲಿ ಗುಲಾಬಿ ಬಣ್ಣದ ಚೆಂಡಿನಂಥ ಹೂ ಕಂಡೆ. ಜೊತೆಗಿದ್ದವರು ‘ಇದು ಸ್ವಾಂಪ್ ಪಿಂಕ್, ಥ್ರೆಟನ್ಡ್ ಪಟ್ಟಿಯಲ್ಲಿದೆ’ ಅಂದರು. ಎಂಡೇಂಜರ್ಡ್ ಅಲ್ಲ ಅಂದಮೇಲೆ ಅಷ್ಟೇನೂ ಭಯ ಇಲ್ಲ, ಅಲ್ವಾ?

ನೀವು ಪುಣ್ಯವಂತರು. ನ್ಯೂಜೆರ್ಸಿಯಲ್ಲೇ ಹುಟ್ಟಿ ಬೆಳೆದವರಲ್ಲಿ ಎಷ್ಟೋ ಜನ ಇದನ್ನು ಒಮ್ಮೆಯೂ ನೋಡಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನೀವು ಏನು ನೋಡಿದಿರಿ ಅಂತ ಸ್ವಲ್ಪ ಹೇಳುತ್ತೇನೆ.

ಇದರ ಸಸ್ಯಶಾಸ್ತ್ರದ ಹೆಸರು ಹೆಲೋನಿಯಾಸ್ ಬುಲ್ಲಾಟ. 1753ರಲ್ಲಿ ಲಿನೇಯಸ್ ಕೊಟ್ಟ ಹೆಸರು. ಹೆಲೋಸ್ ಅಂದರೆ ಗ್ರೀಕ್‌ನಲ್ಲಿ ಜೌಗು. ದೂರದಿಂದ ನಿಮಗೆ ಕಂಡದ್ದು ಒಂದು ಹೂವಲ್ಲ. ಮೂವತ್ತರಿಂದ ಐವತ್ತು ಪುಟ್ಟ ಹೂಗಳು ಒತ್ತೊತ್ತಾಗಿ ಕೂತ ಗೊಂಚಲು. ಹತ್ತಿರ ಹೋಗಿ ಮಂಡಿಯೂರಿ ನೋಡಿದರೆ ಪ್ರತಿ ಹೂವಿಗೂ ಆರು ಗುಲಾಬಿ ದಳ, ಕೇಸರಗಳ ತುದಿ ಮಾತ್ರ ನೀಲಿ. ಗುಲಾಬಿಯ ಮೇಲೆ ನೀಲಿ ಚುಕ್ಕೆ ಇಟ್ಟ ಹಾಗೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ಎದ್ದೇಳಲು ಮನಸ್ಸೇ ಬರಲಿಲ್ಲ. ಮಂಡಿಯಿಂದ ಕೆಳಗೆ ಪ್ಯಾಂಟ್ ಪೂರ್ತಿ ನೆಂದು ಹೋಗಿತ್ತು. ಮೂಗು ಹತ್ತಿರ ತಂದರೆ ತೀರಾ ತೆಳುವಾದ ಸುವಾಸನೆಯೂ ಇದೆ. ದಂಟು ಒಳಗೆ ಟೊಳ್ಳು. ಬುಡದಲ್ಲಿ ಎಲೆಗಳು ನೆಲಕ್ಕೆ ಅಂಟಿಕೊಂಡು ಚಕ್ರದ ಹಾಗೆ ಹರಡಿರುತ್ತವೆ. ಇದನ್ನು ನಾವು ರೋಸೆಟ್ ಅನ್ನುತ್ತೇವೆ. ಎಣಿಸುವುದು ಅದನ್ನೇ, ಹೂವನ್ನಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಪಟ್ಟಿಯ ವಿಷಯ. ಅಮೆರಿಕದಲ್ಲಿ 1973ರ ಎಂಡೇಂಜರ್ಡ್ ಸ್ಪೀಶೀಸ್ ಆ್ಯಕ್ಟ್ ಅಂತ ಕೇಂದ್ರದ ಕಾನೂನಿದೆ. ಅದರಲ್ಲಿ ಎರಡು ಮೆಟ್ಟಿಲು. ಈಗಲೇ ಅಳಿವಿನ ಅಂಚಿಗೆ ಬಂದಿರುವುದು ಎಂಡೇಂಜರ್ಡ್. ಹೀಗೇ ಬಿಟ್ಟರೆ ಮುಂದೆ ಆ ಅಂಚಿಗೆ ಬಂದೇ ಬರುತ್ತದೆ ಅನ್ನುವುದು ಥ್ರೆಟನ್ಡ್. ಸ್ವಾಂಪ್ ಪಿಂಕ್ ಅನ್ನು 1988ರ ಸೆಪ್ಟೆಂಬರ್‌ನಲ್ಲಿ ಈ ಎರಡನೆಯ ಪಟ್ಟಿಗೆ ಸೇರಿಸಿದರು. ಅಂದಿನಿಂದ ಇಂದಿನವರೆಗೂ ಅದು ಅಲ್ಲೇ ಇದೆ.

ಆದರೆ ಅದೊಂದೇ ಪಟ್ಟಿ ನೋಡಿ ಸಮಾಧಾನ ಪಡಬೇಡಿ. ನೀವು ಹೂ ನೋಡಿದ ನ್ಯೂಜೆರ್ಸಿ ರಾಜ್ಯ ತನ್ನ ಸ್ವಂತ ಪಟ್ಟಿಯಲ್ಲಿ ಇದನ್ನು ಎಂಡೇಂಜರ್ಡ್ ಅಂತಲೇ ಇಟ್ಟಿದೆ. ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ಕೂಡ ಹಾಗೆಯೇ. ನೇಚರ್‌ಸರ್ವ್ ಅನ್ನುವ ಸಂಸ್ಥೆ ಒಂದರಿಂದ ಐದರವರೆಗೆ ಅಂಕ ಕೊಡುತ್ತದೆ. ಒಂದು ಅಂದರೆ ತೀರಾ ಕಷ್ಟದಲ್ಲಿದೆ, ಐದು ಅಂದರೆ ಚೆನ್ನಾಗಿದೆ. ಇದಕ್ಕೆ ಅವರು ಕೊಟ್ಟಿರುವುದು ಮೂರು. ಈ ಮೂರು ಅನ್ನುವುದನ್ನು ಓದಿ ಜನ ‘ಪರವಾಗಿಲ್ವಲ್ಲ’ ಅನ್ನುತ್ತಾರೆ. ಅದು ಇಡೀ ಹರವಿನ ಒಟ್ಟು ಲೆಕ್ಕ. ಈ ಗಿಡ ಭೂಮಿಯ ಮೇಲೆ ಕಾಡಿನಲ್ಲಿ ಉಳಿದಿರುವುದು ಏಳು ರಾಜ್ಯಗಳಲ್ಲಿ ಮಾತ್ರ: ನ್ಯೂಜೆರ್ಸಿ, ಡೆಲವೇರ್, ಮೇರಿಲ್ಯಾಂಡ್, ವರ್ಜೀನಿಯಾ, ಎರಡು ಕ್ಯಾರೊಲಿನಾಗಳು, ಜಾರ್ಜಿಯ. ಗೊತ್ತಿರುವ ತಾಣಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನ್ಯೂಜೆರ್ಸಿ ಒಂದರಲ್ಲೇ ಇವೆ. ಅಮೆರಿಕದಲ್ಲೇ ಅತಿ ಹೆಚ್ಚು ಜನ ಒತ್ತಾಗಿ ವಾಸ ಮಾಡುವ ರಾಜ್ಯ ಅದು. ನ್ಯೂಯಾರ್ಕ್‌ನ ಸ್ಟ್ಯಾಟನ್ ಐಲೆಂಡ್‌ನಲ್ಲೂ ಒಂದು ಕಾಲಕ್ಕೆ ಇತ್ತು. ಈಗ ಅಲ್ಲಿ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಭಯ ಇದೆ. ಗಿಡ ಇನ್ನೂ ಇರುವಾಗಲೇ ಭಯಪಟ್ಟರೆ ಏನಾದರೂ ಮಾಡಬಹುದು.

ಪ್ರಶ್ನೆ: ಇದನ್ನು ಕೊಲ್ಲುತ್ತಿರುವುದು ಏನು? ಯಾರೂ ಕೀಳುವುದಿಲ್ಲ, ಯಾರೂ ತಿನ್ನುವುದಿಲ್ಲ. ಜೌಗಿನಲ್ಲಿ ಮನೆಯನ್ನೂ ಕಟ್ಟುವುದಿಲ್ಲ.

ಕೀಳುವವರೂ ಇದ್ದಾರೆ, ತಿನ್ನುವವೂ ಇವೆ. ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಕೊನೆಯ ಮಾತಿನಿಂದ ಶುರು ಮಾಡೋಣ. ಜೌಗಿನಲ್ಲಿ ಮನೆ ಕಟ್ಟುವುದಿಲ್ಲ, ನಿಜ. ಆದರೆ ಜೌಗಿನ ಮೇಲ್ಗಡೆ ಕಟ್ಟುತ್ತಾರೆ.

ಈ ಗಿಡಕ್ಕೆ ನೀರಿನ ವಿಷಯದಲ್ಲಿ ತುಂಬಾ ಸೂಕ್ಷ್ಮ. ಅಟ್ಲಾಂಟಿಕ್ ವೈಟ್ ಸೀಡರ್ ಮರಗಳು, ಕೆಂಪು ಮೇಪಲ್, ಕಾಲಿಟ್ಟರೆ ಸ್ಪಂಜಿನಂತೆ ಒತ್ತುವ ಸ್ಫ್ಯಾಗ್ನಮ್ ಪಾಚಿ, ಅವುಗಳ ನಡುವೆ ನಿಧಾನಕ್ಕೆ ಹರಿಯುವ ಚಹಾ ಬಣ್ಣದ ನೀರು. ಅಂಥ ಕಡೆ ಮರದ ಬುಡದ ಸಣ್ಣ ದಿಬ್ಬಗಳ ಮೇಲೆ ಇದು ಬೇರೂರುತ್ತದೆ. ನೀರಿನ ಮಟ್ಟ ವರ್ಷಪೂರ್ತಿ ನೆಲದ ಮಟ್ಟದಲ್ಲೇ ಇರಬೇಕು. ಒಂದು ಬೇಸಿಗೆ ಒಣಗಿದರೂ ಕಷ್ಟ. ಜಾಸ್ತಿ ದಿನ ಮುಳುಗಿದರೂ ಕಷ್ಟ. ಈ ನೀರು ಬಹುಪಾಲು ಮಳೆ ಬಿದ್ದಾಗ ಮೇಲಿನಿಂದ ಹರಿದು ಬಂದದ್ದಲ್ಲ. ಅಕ್ಕಪಕ್ಕದ ಎತ್ತರದ ಮರಳು ನೆಲದಲ್ಲಿ ಇಂಗಿ, ಒಳಗಿಂದೊಳಗೆ ನಿಧಾನವಾಗಿ ಬಂದು ಇಲ್ಲಿ ಜಿನುಗುವ ನೀರು. ಅದಕ್ಕೇ ಅದು ಅಷ್ಟು ಸಮವಾಗಿ, ಅಷ್ಟು ತಣ್ಣಗೆ ಇರುತ್ತದೆ.

ಈಗ ಆ ಎತ್ತರದ ನೆಲದಲ್ಲಿ ರಸ್ತೆ, ಸೂರು, ಪಾರ್ಕಿಂಗ್ ಬಂತು ಅನ್ನಿ. ಇಂಗಬೇಕಾದ ನೀರು ಇಂಗುವುದಿಲ್ಲ. ಒಂದೇ ಸಲಕ್ಕೆ ಪೈಪಿನಲ್ಲಿ ನುಗ್ಗಿ ಬರುತ್ತದೆ. ಮಳೆ ಬಂದರೆ ಪ್ರವಾಹ, ಮಳೆ ನಿಂತರೆ ಬರ. ಜೊತೆಗೆ ಮನೆಮನೆಗೆ ಬಾವಿ. ದಕ್ಷಿಣ ನ್ಯೂಜೆರ್ಸಿಯ ಕೆಳಗೆ ಕರ್ಕ್‌ವುಡ್-ಕೊಹಾನ್ಸಿ ಅನ್ನುವ ದೊಡ್ಡ ಮರಳಿನ ಜಲಪದರ ಇದೆ. ಅದು ಆಳದಲ್ಲಿಲ್ಲ, ನೆಲದ ಮೇಲ್ಪದರದಲ್ಲೇ ಇದೆ. ಅಲ್ಲಿಂದ ನೀರೆತ್ತಿದರೆ ಜೌಗಿನ ನೀರಿನ ಮಟ್ಟ ಇಳಿಯುತ್ತದೆ. ಇನ್ನು ಹುಲ್ಲುಹಾಸಿಗೆ ಹಾಕಿದ ಗೊಬ್ಬರ, ಸುಣ್ಣ. ಈ ಜೌಗಿನ ನೀರು ಹುಳಿ, ಸತ್ವ ಕಡಿಮೆ. ಅದಕ್ಕೆ ಹೊಂದಿಕೊಂಡ ಗಿಡಗಳೇ ಅಲ್ಲಿ ಬದುಕುವುದು. ಗೊಬ್ಬರದ ನೀರು ಬಂದರೆ ಬೇರೆ ಗಿಡಗಳು ದಟ್ಟವಾಗಿ ಬೆಳೆದು ಇದನ್ನು ಮುಚ್ಚಿಬಿಡುತ್ತವೆ.

ಒಂದು ಕಣ್ಣಾರೆ ಕಂಡದ್ದು ಹೇಳುತ್ತೇನೆ. ನಾನು ಎಣಿಸುವ ತಾಣಗಳಲ್ಲಿ ಒಂದಕ್ಕೆ ಮೊದಲ ವರ್ಷ ಬೆಳಿಗ್ಗೆ ಇಳಿದವಳು ಮಧ್ಯಾಹ್ನ ಊಟದ ಹೊತ್ತಾದರೂ ಮುಗಿಸಿರಲಿಲ್ಲ. ಅಷ್ಟು ಗಿಡ ಇದ್ದವು. ಕೆಲವು ವರ್ಷದ ನಂತರ ಮೇಲ್ಗಡೆ ಒಂದು ಹೊಸ ಬಡಾವಣೆ ಬಂತು. ಕಟ್ಟಿದವರು ಕಾನೂನು ಮೀರಲಿಲ್ಲ. ಜೌಗಿನಿಂದ ಎಷ್ಟು ದೂರ ಬಿಡಬೇಕೋ ಅಷ್ಟು ಬಿಟ್ಟಿದ್ದರು. ಮಳೆನೀರು ಹಿಡಿಯಲು ಹೊಂಡವನ್ನೂ ತೋಡಿದ್ದರು. ಆ ಬೇಸಿಗೆ ಒಂದು ಸಂಜೆ ಜೋರು ಮಳೆ ಬಂತು. ಹೊಂಡ ತುಂಬಿ, ಅಂಚು ಕೊರೆದುಕೊಂಡು, ಇನ್ನೂ ಹುಲ್ಲು ಹಿಡಿಯದ ಇಳಿಜಾರಿನ ಮರಳೆಲ್ಲ ಕೆಳಗೆ ಬಂತು.

ಎರಡು ದಿನ ಬಿಟ್ಟು ನಾನು ಹೋದೆ. ಹಸಿರು ಪಾಚಿಯ ಮೇಲೆ ಬಿಳಿ ಮರಳು ಬೀಸಣಿಗೆಯ ಆಕಾರದಲ್ಲಿ ಹರಡಿತ್ತು. ಎಲೆಗಳ ತುದಿ ಮಾತ್ರ ಹೊರಗೆ ಕಾಣುತ್ತಿದ್ದವು. ಬೆರಳಿನಿಂದ ಮರಳು ಸರಿಸುತ್ತಾ ಹೋದೆ. ಒಂದೊಂದು ರೋಸೆಟ್‌ನ ನಡುಗುಳಿಯಲ್ಲೂ ಒದ್ದೆ ಮರಳು ಗಟ್ಟಿಯಾಗಿ ಕೂತಿತ್ತು. ಎಳೆ ಎಲೆ ಹುಟ್ಟುವುದೇ ಆ ಜಾಗದಲ್ಲಿ. ಕತ್ತಲಾಗುವ ತನಕ ಸರಿಸಿದೆ, ಮಾರನೆಯ ದಿನ ಇನ್ನಿಬ್ಬರನ್ನು ಕರೆದುಕೊಂಡು ಬಂದು ಸರಿಸಿದೆ. ಮುಂದಿನ ವಸಂತದಲ್ಲಿ ಕೆಲವು ಗಿಡ ಮರಳನ್ನು ಸೀಳಿಕೊಂಡು ಮೇಲೆ ಬಂದವು. ಹೆಚ್ಚಿನವು ಬರಲಿಲ್ಲ. ಆ ಬರಿಯ ಮರಳಿನ ಮೇಲೆ ಎರಡೇ ವರ್ಷದಲ್ಲಿ ಹೊರಗಿನಿಂದ ಬಂದ ಹುಲ್ಲು ಹಬ್ಬಿತು. ಹೋದ ವರ್ಷ ಆ ತಾಣ ಎಣಿಸಲು ನನಗೆ ಕಾಲು ಗಂಟೆ ಸಾಕಾಯಿತು. ಬೇಗ ಮುಗಿಯಿತು ಅಂತ ಅಷ್ಟು ಬೇಜಾರಾದದ್ದು ನನಗೆ ಅದೇ ಮೊದಲು.

ಅಲ್ಲಿ ಯಾರೂ ಗಿಡ ಮುಟ್ಟಿರಲಿಲ್ಲ ಅನ್ನುವುದನ್ನು ಗಮನಿಸಿ. ಗಿಡಕ್ಕೆ ಬೇಲಿ ಹಾಕಿದ್ದರೂ ಇದು ತಪ್ಪುತ್ತಿರಲಿಲ್ಲ. ಇಷ್ಟು ವರ್ಷ ಕೆಸರಿನಲ್ಲಿ ಓಡಾಡಿ ನನಗೆ ಮನವರಿಕೆ ಆದದ್ದು ಇದೇ: ಈ ಹೂವನ್ನು ಕಾಯಬೇಕಾದ ಜಾಗ ಹೂ ಇರುವ ಜಾಗವಲ್ಲ, ಅದಕ್ಕೆ ನೀರು ಕೊಡುವ ಮೇಲಿನ ಒಣ ನೆಲ. ಅಲ್ಲಿ ಒಂದು ಹೂವೂ ಇರುವುದಿಲ್ಲ. ಅದಕ್ಕೇ ಅದರ ಪರವಾಗಿ ಮಾತಾಡುವವರು ಕಡಿಮೆ.

ಇನ್ನು ತಿನ್ನುವವು. ನ್ಯೂಜೆರ್ಸಿಯಲ್ಲಿ ಜಿಂಕೆಗಳು ಮಿತಿಮೀರಿ ಹೆಚ್ಚಿವೆ. ಚಳಿಗಾಲ ಮುಗಿದಾಗ ಕಾಡಿನಲ್ಲಿ ಮೊದಮೊದಲು ಮೇಲೇಳುವ ರಸಭರಿತ ದಂಟುಗಳಲ್ಲಿ ಇದರದ್ದೂ ಒಂದು. ಜಿಂಕೆ ಬಿಡುತ್ತದೆಯೇ? ಹೂವಿನ ಸಮೇತ ಕಡಿದು ಹೋಗುತ್ತದೆ. ಹಾಗಾಗಿ ಆಯ್ದ ಗಿಡಗಳಿಗೆ ನಾವು ತಂತಿ ಬಲೆಯ ಪಂಜರ ಹಾಕುತ್ತೇವೆ. ಬೀವರ್‌ಗಳು ಕಟ್ಟೆ ಕಟ್ಟಿದಾಗ ಕೆಲವು ತಾಣ ಮುಳುಗುತ್ತವೆ. ಬೀವರ್ ಮೇಲೆ ನನಗೆ ಸಿಟ್ಟಿಲ್ಲ, ಅದೂ ಆ ಕಾಡಿನದೇ. ಮೊದಲು ಒಂದು ಜೌಗು ಮುಳುಗಿದರೆ ಪಕ್ಕದಲ್ಲಿ ಇನ್ನೊಂದು ಇರುತ್ತಿತ್ತು. ಈಗ ಆ ಪಕ್ಕದ್ದು ಉಳಿದಿಲ್ಲ.

ಪ್ರಶ್ನೆ: ಈ ಗಿಡ ನನ್ನ ಸ್ವಂತ ಜಮೀನಿನಲ್ಲಿದ್ದರೆ ಕೇಂದ್ರದ ಕಾನೂನು ನನ್ನನ್ನು ತಡೆಯುತ್ತದೆಯೇ? ಗಿಡ ಸಿಕ್ಕರೆ ಜಮೀನೇ ಹೋಯಿತು ಅಂತ ಹೇಳುತ್ತಾರೆ.

ಇದನ್ನು ಮೂರು ಜನ ಕೇಳಿದ್ದೀರಿ. ಹೇಳಿದವರು ತಪ್ಪು ಹೇಳಿದ್ದಾರೆ. ಅವರ ಮಾತು ನಂಬಿ ಯಾರಾದರೂ ರಾತ್ರೋರಾತ್ರಿ ಗಿಡ ಕಿತ್ತು ಹಾಕಿಬಿಟ್ಟಾರು ಅನ್ನುವುದೇ ನನ್ನ ಚಿಂತೆ.

ಎಂಡೇಂಜರ್ಡ್ ಸ್ಪೀಶೀಸ್ ಆ್ಯಕ್ಟ್ ಪ್ರಾಣಿಗಳನ್ನು ನೋಡುವ ಹಾಗೆ ಗಿಡಗಳನ್ನು ನೋಡುವುದಿಲ್ಲ. ಪಟ್ಟಿಯಲ್ಲಿರುವ ಪ್ರಾಣಿ ಯಾರ ಜಮೀನಿನಲ್ಲಿದ್ದರೂ ಅದಕ್ಕೆ ಕೈ ಹಾಕುವ ಹಾಗಿಲ್ಲ. ಗಿಡ ಹಾಗಲ್ಲ. ಅದು ನೆಲದ ಒಡೆಯನದು ಅನ್ನುವ ಹಳೆಯ ಲೆಕ್ಕಾಚಾರ ಈ ಕಾನೂನಿನಲ್ಲೂ ಉಳಿದುಕೊಂಡಿದೆ. ಕೇಂದ್ರ ಸರ್ಕಾರದ ಜಮೀನಿನಿಂದ ಕಿತ್ತರೆ ಅಪರಾಧ. ರಾಜ್ಯದಿಂದ ರಾಜ್ಯಕ್ಕೆ ಮಾರಲು ಪರವಾನಗಿ ಬೇಕು. ಖಾಸಗಿ ಜಮೀನಿನಲ್ಲಿ, ಒಡೆಯನನ್ನು ಈ ಕಾನೂನು ತಾನಾಗಿ ತಡೆಯುವುದಿಲ್ಲ. ಅಲ್ಲಿ ಕೇಂದ್ರದ ಹಣವೋ ಕೇಂದ್ರದ ಪರವಾನಗಿಯೋ ಬೇಕಾದ ಕೆಲಸ ನಡೆದರೆ ಮಾತ್ರ, ಆ ಇಲಾಖೆ ಮೊದಲು ಕೇಂದ್ರದ ವನ್ಯಜೀವಿ ಇಲಾಖೆಯಾದ ಫಿಶ್ ಆ್ಯಂಡ್ ವೈಲ್ಡ್‌ಲೈಫ್ ಸರ್ವಿಸ್ ಜೊತೆ ಸಮಾಲೋಚನೆ ಮಾಡಬೇಕು. ಜೌಗಿಗೆ ಮಣ್ಣು ತುಂಬಲು ಬೇಕಾದ ಪರವಾನಗಿ ಅಂಥದ್ದರಲ್ಲಿ ಒಂದು. ಹಾಗಾಗಿ ಇಷ್ಟು ವರ್ಷ ಈ ಹೂವನ್ನು ಕಾದದ್ದು ಹೂವಿನ ಕಾನೂನಿಗಿಂತ ನೀರಿನ ಕಾನೂನು.

ಆ ನೀರಿನ ಕಾನೂನೇ ಈಗ ಸಡಿಲವಾಗಿದೆ. 2023ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಯಾಕೆಟ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹೊಳೆ, ಕೆರೆಗಳಿಗೆ ನೆಲದ ಮೇಲೆ ಕಡಿಯದೆ ಸೇರಿಕೊಂಡಿರುವ ಜೌಗಿಗೆ ಮಾತ್ರ ಕ್ಲೀನ್ ವಾಟರ್ ಆ್ಯಕ್ಟ್ ಅನ್ವಯಿಸುತ್ತದೆ ಅನ್ನುವುದು ಅದರ ತಿರುಳು. ಸ್ವಾಂಪ್ ಪಿಂಕ್ ಇಷ್ಟಪಡುವ ಜೌಗು ಯಾವುದು ಅಂತ ಮೇಲೆ ಹೇಳಿದೆನಲ್ಲ? ನೆಲದೊಳಗಿಂದ ಜಿನುಗುವ ನೀರಿನದ್ದು. ಆ ನಂಟು ಮೇಲೆ ನೋಡಿದರೆ ಎಷ್ಟೋ ಕಡೆ ಕಾಣುವುದೇ ಇಲ್ಲ. ಕಾಣದ ನಂಟನ್ನು ಕಾನೂನು ಈಗ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ತೀರ್ಪು ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನ್ಯೂಜೆರ್ಸಿಯ ಮಟ್ಟಿಗೆ ಧೈರ್ಯ ಕೊಡುವ ಸಂಗತಿಯೂ ಇದೆ. ಇಲ್ಲಿ 1987ರಲ್ಲೇ ರಾಜ್ಯದ ಸ್ವಂತ ಜೌಗು ಕಾನೂನು ಬಂತು. ಅಪಾಯದಲ್ಲಿರುವ ಜೀವಿಗಳ ನೆಲೆಯಾದ ಜೌಗಿಗೆ ಅತಿ ಮುಖ್ಯ ಅನ್ನುವ ದರ್ಜೆ ಸಿಗುತ್ತದೆ. ಆಗ ಸುತ್ತ 150 ಅಡಿ ಬಿಡಬೇಕು. ಪೈನ್‌ಲ್ಯಾಂಡ್ಸ್ ಅನ್ನುವ ದೊಡ್ಡ ಸಂರಕ್ಷಿತ ಪ್ರದೇಶದ ನಿಯಮ ಇನ್ನೂ ಬಿಗಿ, ಅಲ್ಲಿ 300 ಅಡಿ. 1994ರಿಂದ ಜೌಗಿನ ಪರವಾನಗಿಗಳನ್ನು ಇಲ್ಲಿ ಬಹುತೇಕ ರಾಜ್ಯವೇ ಕೊಡುತ್ತದೆ. ಹಾಗಾಗಿ ಸ್ಯಾಕೆಟ್ ತೀರ್ಪಿನ ಏಟು ಇಲ್ಲಿ ಅಷ್ಟಾಗಿ ತಾಗಿಲ್ಲ. ಆದರೆ ಉತ್ತರ ಕ್ಯಾರೊಲಿನಾದಲ್ಲಿ ಅದೇ 2023ರಲ್ಲಿ, ಕೇಂದ್ರ ಕಾಯುವ ಜೌಗನ್ನು ಬಿಟ್ಟು ಬೇರೆ ಜೌಗನ್ನು ರಾಜ್ಯವೂ ಕಾಯಬೇಕಿಲ್ಲ ಅನ್ನುವ ಅರ್ಥದ ಕಾನೂನು ಮಾಡಿಕೊಂಡರು. ರಾಜ್ಯಪಾಲರು ತಡೆದರೂ ಶಾಸನಸಭೆ ಅದನ್ನು ಮೀರಿ ಜಾರಿಗೆ ತಂದಿತು. ಅಲ್ಲಿನ ಬೆಟ್ಟಗಳ ನಡುವಿನ ಪುಟ್ಟ ಪುಟ್ಟ ಜೌಗುಗಳಲ್ಲಿ ಸ್ವಾಂಪ್ ಪಿಂಕ್ ಇದೆ. ಅಲ್ಲಿ 2015ರಲ್ಲಿ ಮೌಂಟನ್ ಬಾಗ್ಸ್ ಅನ್ನುವ ರಾಷ್ಟ್ರೀಯ ವನ್ಯಜೀವಿ ಧಾಮ ಶುರುವಾಯಿತು ಅನ್ನುವುದೊಂದೇ ಸಮಾಧಾನ. ಅಂಥ ಜೌಗುಗಳನ್ನು ಒಂದೊಂದಾಗಿ ಕೊಂಡು, ದಾನ ಪಡೆದು ಕಾಯುವುದೇ ಅದರ ಉದ್ದೇಶ.

ಜಮೀನು ಇರುವ ಓದುಗರಿಗೆ ಒಂದು ಮಾತು. ನಿಮ್ಮಲ್ಲಿ ಈ ಗಿಡ ಇದ್ದರೆ ಬಚ್ಚಿಡಬೇಡಿ. ನಾನು ಎಣಿಸುವ ಒಳ್ಳೆಯ ತಾಣಗಳಲ್ಲಿ ಎರಡು ಖಾಸಗಿ ಜಮೀನಿನವು. ಒಂದರ ಒಡೆಯ ವಯಸ್ಸಾದ ರೈತ. ಪ್ರತಿ ಏಪ್ರಿಲ್‌ನಲ್ಲಿ ನಾನು ಹೋದಾಗ ಗಮ್ ಬೂಟು ಹಾಕಿಕೊಂಡು ತಾವೂ ಬರುತ್ತಾರೆ. ಹಿಂದಿನ ವರ್ಷಕ್ಕಿಂತ ಒಂದು ಹೂ ಜಾಸ್ತಿ ಇದ್ದರೂ ಮನೆಯವರಿಗೆ ಅಲ್ಲಿಂದಲೇ ಫೋನ್ ಮಾಡಿ ಹೇಳುತ್ತಾರೆ.

ಪ್ರಶ್ನೆ: ಒಂದು ಗಿಡ ಅಗೆದು ತಂದು ನಮ್ಮ ಮನೆಯ ಕೊಳದ ಪಕ್ಕ ನೆಟ್ಟರೆ ಉಳಿಸಿದ ಹಾಗೆ ಆಗುವುದಿಲ್ಲವೇ?

ಬೇಡ. ದಯವಿಟ್ಟು ಬೇಡ. ಅಗೆದ ಜಾಗದಲ್ಲಿ ಒಂದು ಗಿಡ ಹೋಯಿತು, ತಂದ ಜಾಗದಲ್ಲಿ ಅದೂ ಬದುಕುವುದು ಕಷ್ಟ. ಕೊಳದ ಪಕ್ಕದ ನೀರು ಬೇರೆ, ಜಿನುಗುವ ನೀರು ಬೇರೆ. ಗಿಡ ಬೇಕೇ ಬೇಕು ಅಂದರೆ ಬೀಜದಿಂದ ತಾವೇ ಬೆಳೆಸಿ, ನಿಯಮದ ಪ್ರಕಾರ ಮಾರುವವರಿಂದ ಮಾತ್ರ ತೆಗೆದುಕೊಳ್ಳಿ. ‘ಎಲ್ಲಿಂದ ಬಂತು’ ಅಂತ ಕೇಳಿ. ಉತ್ತರ ತಡವರಿಸಿದರೆ ಬಿಟ್ಟು ಬನ್ನಿ.

ಪ್ರಶ್ನೆ: ನಾನು ಬಯಾಲಜಿ ವಿದ್ಯಾರ್ಥಿನಿ. ಅಷ್ಟು ಹೂ, ಅಷ್ಟು ಬೀಜ ಬಿಡುವ ಗಿಡ ತಾನಾಗಿ ಹೊಸ ಜೌಗುಗಳಿಗೆ ಹರಡುವುದಿಲ್ಲ ಯಾಕೆ? ಮತ್ತೆ ನೀವು ಹೂ ಬಿಟ್ಟು ರೋಸೆಟ್ ಎಣಿಸುವುದು ಯಾಕೆ?

ನಿನ್ನ ಎರಡೂ ಪ್ರಶ್ನೆಗೆ ಉತ್ತರ ಒಂದೇ, ಮಗಳೇ. ಒಂದು ತಾಣದಲ್ಲಿ ನೂರು ಗಿಡ ಇದ್ದರೆ ಒಂದು ವರ್ಷದಲ್ಲಿ ಹೂ ಬಿಡುವುದು ಕೆಲವೇ ಕೆಲವು. ಉಳಿದವು ಸುಮ್ನೆ ಎಲೆ ಬಿಟ್ಟುಕೊಂಡು ಕಾಯುತ್ತವೆ. ಹೂ ಮಾತ್ರ ಎಣಿಸಿದರೆ ಲೆಕ್ಕ ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ ಹಾರುತ್ತದೆ. ಗಿಡಗಳ ನಿಜವಾದ ಸ್ಥಿತಿ ಗೊತ್ತಾಗುವುದಿಲ್ಲ.

ಹೂ ಬಿಟ್ಟದ್ದೂ ಬೀಜವಾಗಬೇಕು. ಹೂ ಮುಗಿದ ಮೇಲೆ ದಂಟು ಇನ್ನೂ ಉದ್ದ ಆಗುತ್ತದೆ, ಗೊಂಚಲು ಹಸಿರಾಗುತ್ತದೆ, ಮೂರು ಹೋಳಿನ ಪುಟ್ಟ ಕಾಯಿ ಕಟ್ಟುತ್ತದೆ. ಬೀಜ ಬಹುಪಾಲು ತಾಯಿಯ ಬುಡದಲ್ಲೇ ಬೀಳುತ್ತದೆ. ಹರಿಯುವ ನೀರು ಕೆಲವನ್ನು ಒಯ್ದೀತು. ಬಿದ್ದ ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಜೀವ ಹಿಡಿದು ಕಾಯುವ ಜಾತಿಯದ್ದಲ್ಲ. ಬೇಗ ಮೊಳೆಯಬೇಕು, ಇಲ್ಲದಿದ್ದರೆ ಹೋಯಿತು. ಮೊಳಕೆ ಉಗುರಿನಷ್ಟು ಇರುತ್ತದೆ. ಅದರ ಮೇಲೆ ಒಂದು ಮೇಪಲ್ ಎಲೆ ಬಿದ್ದರೂ ಕತ್ತಲೆ.

ಹಾಗಾಗಿ ಇದು ಹೆಚ್ಚಾಗಿ ನೆಲದೊಳಗಿನ ದಪ್ಪ ಬೇರುಕಾಂಡದಿಂದಲೇ ಪಕ್ಕಕ್ಕೆ ಪಕ್ಕಕ್ಕೆ ಮರಿ ಹಾಕುತ್ತದೆ. ಒಂದು ದಿಬ್ಬದ ಮೇಲೆ ಇಪ್ಪತ್ತು ರೋಸೆಟ್ ಕಂಡರೆ ಅವೆಲ್ಲ ಒಂದೇ ಗಿಡದ ತುಣುಕು ಇರಬಹುದು. ವಂಶವಾಹಿಗಳನ್ನು ಪರೀಕ್ಷೆ ಮಾಡಿದವರು ಕಂಡದ್ದೂ ಇದನ್ನೇ: ಇದರಲ್ಲಿ ತಳಿ ವೈವಿಧ್ಯ ಕಡಿಮೆ. ಎಣಿಕೆಯಲ್ಲಿ ಸಾವಿರ ಗಿಡ ಅಂತ ಬಂದರೂ ಒಂದೇ ರೋಗ, ಒಂದೇ ಬರ ಅವೆಲ್ಲವನ್ನೂ ಒಂದೇ ರೀತಿ ಹೊಡೆಯಬಹುದು. ಒಂದು ಜೌಗಿನಲ್ಲಿ ಇದು ಅಳಿದರೆ ಪಕ್ಕದ ಜೌಗಿನಿಂದ ತಾನಾಗಿ ಬಂದು ತುಂಬುವುದಿಲ್ಲ. ಅದಕ್ಕೇ ಒಂದೊಂದು ತಾಣಕ್ಕೂ ಅಷ್ಟು ಬೆಲೆ.

ನೀನು ಓದು ಮುಗಿಸಿ ಇದೇ ದಾರಿಗೆ ಬರುವುದಾದರೆ ಪರಾಗಸ್ಪರ್ಶದ ಕಡೆ ಗಮನ ಕೊಡು. ಏಪ್ರಿಲ್‌ನ ಚಳಿಯಲ್ಲಿ, ಮರಗಳಿಗೆ ಇನ್ನೂ ಎಲೆ ಬಂದಿರದ ಹೊತ್ತಿನಲ್ಲಿ, ಆ ಹೂವಿಗೆ ಯಾವ ಕೀಟ ಬರುತ್ತದೆ ಅಂತ ಗಂಟೆಗಟ್ಟಲೆ ಕೂತು ನೋಡುವವರು ಬೇಕು.

ಪ್ರಶ್ನೆ: ಇಂಥ ಪಟ್ಟಿಗೆ ಸೇರಿದ ಹೂವು ಯಾವುದಾದರೂ ಚೇತರಿಸಿಕೊಂಡು ಹೊರಗೆ ಬಂದದ್ದಿದೆಯೇ? ಎಲ್ಲಾ ಕೆಟ್ಟ ಸುದ್ದಿಯೇ ಓದುತ್ತಿದ್ದೇವೆ.

ಇದೆ. ಅದೂ ಜೌಗಿನದೇ. ಆರೆಗನ್ ರಾಜ್ಯದ ವಿಲಾಮೆಟ್ ಕಣಿವೆಯಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುವ ಹುಲ್ಲುಗಾವಲುಗಳಿವೆ. ಅಲ್ಲಿ ಬ್ರ್ಯಾಡ್‌ಶಾಸ್ ಲೊಮೇಶಿಯಂ ಅನ್ನುವ ಹಳದಿ ಹೂವಿನ ಗಿಡ ಇದೆ. ಕ್ಯಾರೆಟ್ ಕುಟುಂಬದ್ದು. ಸ್ವಾಂಪ್ ಪಿಂಕ್ ಪಟ್ಟಿಗೆ ಸೇರಿದ ಅದೇ 1988ರಲ್ಲಿ ಇದನ್ನೂ ಸೇರಿಸಿದರು. ಅದೂ ಥ್ರೆಟನ್ಡ್ ಅಲ್ಲ, ಎಂಡೇಂಜರ್ಡ್. 2021ರಲ್ಲಿ, ಇನ್ನು ಅಪಾಯವಿಲ್ಲ ಅಂತ ಪಟ್ಟಿಯಿಂದ ತೆಗೆದರು.

ಆ ಕಣಿವೆಯಲ್ಲಿ ಕಲಪೂಯ ಜನಾಂಗದವರು ತಲೆತಲಾಂತರದಿಂದ ಹುಲ್ಲುಗಾವಲಿಗೆ ಬೆಂಕಿ ಹಾಕುತ್ತಿದ್ದರು. ಅದರಿಂದ ಪೊದೆ, ಮರ ಹಬ್ಬದೆ ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಉಳಿಯುತ್ತಿತ್ತು. ಬಿಳಿಯರು ಬಂದು ನೆಲೆಸಿದ ಮೇಲೆ ಬೆಂಕಿ ನಿಂತಿತು, ನೆಲ ಉತ್ತರು, ಉಳಿದದ್ದರ ಮೇಲೆ ಪೊದೆ ಬೆಳೆಯಿತು, ಹೂವಿಗೆ ಬಿಸಿಲು ಸಿಗಲಿಲ್ಲ. ಕಾರಣ ತಿಳಿದ ಮೇಲೆ ಕೆಲಸ ಶುರುವಾಯಿತು. ಜಮೀನು ಕಾದಿಟ್ಟರು, ಲೆಕ್ಕ ಹಾಕಿ ಮತ್ತೆ ಬೆಂಕಿ ಹಾಕಿದರು, ಪೊದೆ ಸವರಿದರು, ಬೀಜ ಬಿತ್ತಿದರು. ಪಕ್ಕದ ವಾಷಿಂಗ್ಟನ್ ರಾಜ್ಯದಲ್ಲೂ ಗಿಡ ಸಿಕ್ಕಿತು. ಮೂವತ್ತಮೂರು ವರ್ಷ ಹಿಡಿಯಿತು, ಆದರೆ ಆಯಿತು.

ಸ್ವಾಂಪ್ ಪಿಂಕ್‌ಗೂ 1991ರಲ್ಲೇ ಚೇತರಿಕೆಯ ಯೋಜನೆ ಬರೆದಿದ್ದಾರೆ. ಅದು ಯಾಕೆ ಇನ್ನೂ ಪಟ್ಟಿಯಲ್ಲಿದೆ ಅಂತ ನನ್ನನ್ನು ಕೇಳಿದರೆ, ಲೊಮೇಶಿಯಂಗೆ ಬೇಕಾದದ್ದು ಆ ಹುಲ್ಲುಗಾವಲಿನೊಳಗೇ ಮಾಡಬಹುದಾದ ಕೆಲಸ ಅನ್ನುತ್ತೇನೆ. ಬೇಲಿಯೊಳಗೆ ಬೆಂಕಿ ಹಾಕಿದರೆ ಫಲ ಬೇಲಿಯೊಳಗೇ ಕಾಣುತ್ತದೆ. ಸ್ವಾಂಪ್ ಪಿಂಕ್‌ಗೆ ಬೇಕಾದದ್ದು ಬೇಲಿಯ ಆಚೆ ಇದೆ. ನೂರಾರು ಮನೆಗಳ ಅಂಗಳ, ರಸ್ತೆ, ಬಾವಿ ಎಲ್ಲವೂ ಅದರಲ್ಲಿ ಸೇರುತ್ತವೆ. ಇದು ಕಷ್ಟದ ಕೆಲಸ, ಆದರೆ ಆಗದ ಕೆಲಸವಲ್ಲ. ಒಂದು ಬಡಾವಣೆಯವರು ಹುಲ್ಲುಹಾಸಿನ ಗೊಬ್ಬರ ನಿಲ್ಲಿಸಿ, ಸೂರಿನ ನೀರು ಅಲ್ಲಲ್ಲೇ ಇಂಗುವ ಹಾಗೆ ಮಾಡಿದ್ದನ್ನು ನೋಡಿದ್ದೇನೆ. ಅವರ ಕೆಳಗಿನ ಜೌಗಿನಲ್ಲಿ ಗಿಡಗಳು ಕಡಿಮೆಯಾಗಿಲ್ಲ.

ಪ್ರಶ್ನೆ: ನೋಡಲು ಯಾವಾಗ, ಎಲ್ಲಿಗೆ ಬರಬೇಕು?

ಎಲ್ಲಿಗೆ ಅಂತ ಬರೆಯಲಾರೆ, ಬೇಜಾರು ಮಾಡಿಕೊಳ್ಳಬೇಡಿ. ತಾಣಗಳ ಗುರುತನ್ನು ನಾವು ಯಾರೂ ಹೊರಗೆ ಹೇಳುವುದಿಲ್ಲ. ಕೀಳುವವರ ಭಯ ಒಂದು. ಪ್ರೀತಿಯಿಂದ ನೋಡಲು ಬಂದವರ ಕಾಲ್ತುಳಿತ ಇನ್ನೊಂದು. ಪಾಚಿಯ ಮೇಲೆ ಒಂದೇ ದಾರಿಯಲ್ಲಿ ಹತ್ತು ಜನ ನಡೆದರೆ ಅಲ್ಲಿ ಗುಂಡಿ ಬೀಳುತ್ತದೆ. ಗಿಡ, ಪ್ರಾಣಿಗಳ ಫೋಟೊ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಜಾಲತಾಣ ಕೂಡ ಇಂಥ ಗಿಡಗಳ ಸರಿಯಾದ ಜಾಗವನ್ನು ತಾನಾಗಿ ಮರೆಮಾಡುತ್ತದೆ. ನಿಮಗೆ ಎಲ್ಲಾದರೂ ಕಂಡರೆ ಫೋಟೊ ತೆಗೆಯಿರಿ, ಜಾಗದ ಗುರುತು ಕಾಣುವ ಹಾಗೆ ಹಂಚಿಕೊಳ್ಳಬೇಡಿ, ಆ ರಾಜ್ಯದ ಪ್ರಕೃತಿ ಪರಂಪರೆ ವಿಭಾಗಕ್ಕೆ ಮಾತ್ರ ತಿಳಿಸಿ. ಪಾರ್ಕುಗಳವರು ಏಪ್ರಿಲ್, ಮೇ ತಿಂಗಳಲ್ಲಿ ಮರದ ಹಲಗೆಯ ದಾರಿಯ ಮೇಲೆ ಕಾಡುಹೂಗಳ ನಡಿಗೆ ಇಟ್ಟುಕೊಳ್ಳುತ್ತಾರೆ. ಅಂಥದ್ದಕ್ಕೆ ಹೆಸರು ಕೊಡಿ.

ಯಾವಾಗ ಅಂದರೆ, ಹೂ ಮಾರ್ಚ್ ಕೊನೆಯಿಂದ ಮೇ ತನಕ. ನನಗೆ ಮಾತ್ರ ಫೆಬ್ರವರಿ ಇಷ್ಟ. ಆಗ ಎಲೆಗಳು ಚಳಿಗೆ ಕೆಂಗಂದು ಬಣ್ಣಕ್ಕೆ ತಿರುಗಿ, ಉದುರಿದ ಎಲೆಗಳ ನಡುವೆ ಚಪ್ಪಟೆಯಾಗಿ ಮಲಗಿರುತ್ತವೆ. ಗೊತ್ತಿಲ್ಲದವರು ಒಣಗಿದೆ ಅಂದುಕೊಂಡು ದಾಟಿ ಹೋಗುತ್ತಾರೆ. ಬಾಗಿ ನೋಡಿದರೆ ಕೆಲವು ರೋಸೆಟ್‌ಗಳ ನಡುವೆ ಕೋಟಿನ ಗುಂಡಿಯಷ್ಟು ದಪ್ಪದ ಮೊಗ್ಗು ಕೂತಿರುತ್ತದೆ. ಅದು ಕಂಡರೆ ಆ ಗಿಡದಲ್ಲಿ ಈ ವರ್ಷ ಹೂ ಇದೆ ಅಂತ ಅರ್ಥ. ಜಿಂಕೆಗಳು ಬರುವ ಮೊದಲು ಅಂಥದ್ದಕ್ಕೆ ಗುರುತು ಕಡ್ಡಿ ನೆಟ್ಟು, ಪಂಜರ ಇಟ್ಟು ಬರುತ್ತೇನೆ. ಈ ವಾರಾಂತ್ಯ ಹದಿನಾಲ್ಕು ಪಂಜರ ಇಡುವುದಿದೆ.